ಕೆಂಪು ಬೀಟಲ್ ಮ್ಯಾಲ ಬಿಳಿ ಮಂಜು ಕೂತದ, ಬಣ್ಣಾ ಪೂರ್ತಿ ತಗೀಬೇಕೇನು?

ಸಪ್ತಾಪುರ_ಹೊಸಬ:
ಎಲ್ಲಾರಿಗೂ ನಮಸ್ಕಾರ. ಧಾರವಾಡದಿಂದ ಬರೀಲಿಕ್ಕತ್ತೀನಿ. ಟಮಿಯಾ ಕಂಪನಿದು 1/24 ಅಳತಿ ಬೀಟಲ್ ಕಿಟ್ ಹಿಡಿದೀನಿ, ಜೋಡಿಸಿ ಬಣ್ಣಾ ಹೊಡಿಯೋ ಪ್ಲಾಸ್ಟಿಕ್ ಮಾಡೆಲ್; ಇದು ನನ್ನ ಮೂರನೇ ಕಾರು. ಬಾಡಿಗೆ ಬೂದು ಪ್ರೈಮರ್ ಹೊಡದು ಎರಡು ದಿನ ಬಿಟ್ಟಿದ್ದೆ. ನಿನ್ನೆ ಸಂಜಿಮುಂದ ಆಟೊಮೊಬೈಲ್ ಅಂಗಡಿಯಾಗ ಸಿಗೋ ಕೆಂಪು ಲ್ಯಾಕರ್ ಸ್ಪ್ರೇ ಹೊಡದೆ. ಹೊಡಿಯೋವಾಗ ಕನ್ನಡಿ ಹಂಗ ಹೊಳೀತಿತ್ತು. ಹತ್ತ ನಿಮಿಷದಾಗ ಬಾನೆಟ್ ಮತ್ತ ಟಾಪಿನ ಮ್ಯಾಲ ಹಾಲು ಚೆಲ್ಲಿ ಒರಸಿಧಂಗ ಬೆಳ್ಳಗಾತು. ಬಾಗಲಾದ ಕಡೆ ಏನೂ ಆಗಿಲ್ಲ. ಬಟ್ಟೀಲೆ ಒರಸಿದೆ, ತೊಳದೆ, ಜಪ್ಪಯ್ಯ ಅಂದ್ರೂ ಹೋಗವಲ್ದು. ಡಬ್ಬಿ ಹಳೇದಿರಬೇಕು ಅಂತ ಅಂಗಡಿಯವರನ್ನ ಕೇಳಿದರ "ಮೊನ್ನೆ ಬಂದ ಮಾಲ್ರೀ" ಅಂದ್ರು. ಮನ್ಯಾಗಂತೂ "ಆಟಗಿ ಕಾರಿಗೆ ಇಷ್ಟ ರೊಕ್ಕಾ?" ಅಂತ ಮೊದಲ ಸುರು ಆಗೇದ. ಏನ್ ಮಾಡ್ಲಿ?

ಹುಬ್ಬಳ್ಳಿ_ಟಚಿಂಗ್:
ತಮ್ಮಾ, ಎಲ್ಲಿ ನಿಂತು ಹೊಡದಿ? ಮಳಿ ಇತ್ತೇನು? ಬಾಗಲಾಕ್ಕ ತೆಳ್ಳಗ ಹೊಡದು ಟಾಪಿಗೆ ದಪ್ಪ ಹೊಡದಿಯೇನು? ಇಷ್ಟು ಹೇಳು, ಆಮ್ಯಾಲ ಅಂಗಡಿಯವರಿಗೆ ಬೈಯೂಣಂತ.

ಸಪ್ತಾಪುರ_ಹೊಸಬ:
ಹಿತ್ತಲ ಪಡಸಾಲ್ಯಾಗ ಹೊಡದೆ ಅಣ್ಣಾರ. ಹೊರಗ ಜಿಟಿಜಿಟಿ ಹಿಡಿದಿತ್ತು, ಬಿಸಲು ಕಂಡು ನಾಕು ದಿನ ಆತು. ಆದರ ಬಾಡಿ ಮ್ಯಾಲ ಒಂದ ಹನಿನೂ ಬಿದ್ದಿಲ್ಲ. ಗಡಿಯಾರದಾಗ 24 ಡಿಗ್ರಿ, ತೇವಾಂಶ 90 ತೋರಿಸ್ತಿತ್ತು. ಬಾಗಲಾದ ಮ್ಯಾಲ ಬಣ್ಣ ಇಳದೀತು ಅಂತ ಅಂಜಿ ತೆಳ್ಳಗ ಹೊಡದೆ, ಟಾಪಿಗೆ ಮಾತ್ರ ಮನಸ್ಸು ತುಂಬೋ ತನಕಾ.

ಹುಬ್ಬಳ್ಳಿ_ಟಚಿಂಗ್:
ಸಿಕ್ತು. ಡಬ್ಬಿದೇನೂ ತಪ್ಪಿಲ್ಲ, ಅಂಗಡಿಯವರದೂ ಇಲ್ಲ. ಇದಕ್ಕ ಬ್ಲಶಿಂಗ್ ಅಂತಾರ. ನಾ ಖರೇ ಕಾರಿಗೆ ಪೇಂಟ್ ಹೊಡಿಯೋ ಮನಶ್ಯಾ. ಸಣ್ಣ ಕಾರು ಮಗಳ ಸಲುವಾಗಿ ಚಾಲೂ ಮಾಡಿದ್ದು, ಆಕಿ ಬಿಟ್ಟು ಎರಡ ವರ್ಷ ಆತು, ನಾ ಬಿಟ್ಟಿಲ್ಲ.

ಲ್ಯಾಕರಿನ ಥಿನ್ನರ್ ಭಾಳ ಜಲ್ದಿ ಹಾರತೈತಿ. ಹಾರೋವಾಗ ಕೆಳಗಿನ ಬಿಸಿನೂ ಕಸಗೊಂಡು ಹೋಗತೈತಿ. ಕೈಗೆ ಸ್ಯಾನಿಟೈಸರ್ ಹಚ್ಚಿದಾಗ ತಣ್ಣಗ ಹತ್ತತೈತೆಲ್ಲಾ, ಅದ ಇದು. ಈಗ ಲೆಕ್ಕಾ ನೋಡು. 24 ಡಿಗ್ರಿ, 90 ತೇವ ಅಂದ್ರ 22 ಡಿಗ್ರಿಗೆ ಇಬ್ಬನಿ ಕೂಡತೈತಿ. ನಿನ್ನ ಬಾಡಿ ಬರೇ ಎರಡ ಡಿಗ್ರಿ ತಣ್ಣಗಾದ್ರ ಸಾಕು, ಗಾಳ್ಯಾಗಿನ ನೀರು ಹಸೀ ಬಣ್ಣದ ಮ್ಯಾಲ ಇಳೀತೈತಿ. ಅದ ಏಪ್ರಿಲ್‌ದಾಗ 35 ಡಿಗ್ರಿ, 30 ತೇವ ಇತ್ತಂದ್ರ 15ಕ್ಕ ಇಳೀಬೇಕು. ಅಷ್ಟು ತಣ್ಣಗ ಆಗೂ ಮಾತ ಇಲ್ಲ. ಅದಕ್ಕ ಬ್ಯಾಸಗಿ ಒಳಗ ನೀ ಹೆಂಗ ಹೊಡದ್ರೂ ನಡೀತಿತ್ತು.

ನೀರು ಹೊಕ್ಕ ಮ್ಯಾಲ ಥಿನ್ನರಿನ್ಯಾಗ ಕರಗಿದ್ದ ಬಣ್ಣದ ರಾಳ (ಅಂಟು) ಅಲ್ಲೇ ಗಟ್ಟಿ ಆಗಿ ಪದರಿನ ತುಂಬ ಕಣ್ಣಿಗೆ ಕಾಣದ ತೂತು ಬೀಳತಾವು. ಬೆಳಕು ಅಲ್ಲಿ ಚದರಿ ಬೆಳ್ಳಗ ಕಾಣತೈತಿ. ಅಂದ್ರ ಆ ಬಿಳೇದು ಮ್ಯಾಲ ಕೂತ ಧೂಳಲ್ಲ, ಬಣ್ಣದ ಒಳಗಿಂದು. ಒರಸಿದ್ರ ಎಲ್ಲಿ ಹೋಗತೈತಿ? ಟಾಪಿಗೆ ದಪ್ಪ ಕೋಟ್ ಬಿತ್ತು, ಥಿನ್ನರ್ ಜಾಸ್ತಿ, ತಣ್ಣಗಾಗೂದೂ ಜಾಸ್ತಿ. ಬಾಗಲಾ ಉಳಕೊಂಡ್ವು.

ಗದಗ_ಗಾಳಿ:
ಇಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ. ಹಾರ್ಡ್‌ವೇರ್ ಅಂಗಡಿಯಾಗ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಸಿಗತೈತಿ, ಹತ್ತಿ ಎದ್ದಿ ಮ್ಯಾಲ ಸವರ್ರಿ, ಬಣ್ಣ ಮತ್ತ ಕರಗಿ ಕೂಡತೈತಿ. ನಮ್ಮ ಕಡೆ ಈ ತ್ರಾಸ ಇಲ್ಲ ಬಿಡ್ರಿ. ಕಪ್ಪತಗುಡ್ಡದ ಗಾಳಿಗೆ ಬಣ್ಣ ಬಾಡಿಗೆ ಮುಟ್ಟೂದ್ರಾಗ ಒಣಗಿ ಪುಡಿ ಆಗಿರತೈತಿ.

ಹುಬ್ಬಳ್ಳಿ_ಟಚಿಂಗ್:
ಗದಗಿನ ಸಾಹೇಬ್ರ, ಕಟಗಿ ಪಾಲಿಶಿಗೆ ಅದು ನಡದೀತು. ಇದು ಪಾಲಿಸ್ಟೈರೀನ್ ಪ್ಲಾಸ್ಟಿಕ್, ಎನ್‌ಸಿ ಥಿನ್ನರ್ ಅದನ್ನ ತಿಂತೈತಿ. ಪ್ರೈಮರ್ ಎಲ್ಲಿ ತೆಳ್ಳಗೈತೋ ಅಲ್ಲಿ ಕೂದಲಿನಂಥ ಬಿರುಕು ಬಿಡತಾವು. ತಮ್ಮಾ, ಮುಟ್ಟಬ್ಯಾಡ.

ಹಾವೇರಿ_ಅಕ್ಕ:
ಟಚಿಂಗ್ ಅಣ್ಣಾರು ಹೇಳಿದ್ದು ಖರೆ. ಕಟಗಿ ಪಾಲಿಶ್ ಮೇಸ್ತ್ರಿಗಳಿಗೂ ಮಳಿಗಾಲದಾಗ ಇದ ಗೋಳು, ಅವರು ಲ್ಯಾಕರಿಗೆ ರಿಟಾರ್ಡರ್ ಹಾಕ್ತಾರ. ನಿಧಾನಕ್ಕ ಹಾರೋ ಥಿನ್ನರ್ ಅದು. ಬಣ್ಣ ಹಸಿ ಇದ್ದಾಗ ನೀರಿಗೆ ಹಾರಿ ಹೋಗಾಕ ಪುರುಸೊತ್ತು ಸಿಗತೈತಿ, ಅಷ್ಟ. ನಮ್ಮ ಹವ್ಯಾಸದಾಗ ಮಿಸ್ಟರ್ ಕಲರ್ ಅನ್ನೋ ಮಾಡೆಲ್ ಬಣ್ಣದ ಬ್ರ್ಯಾಂಡಿನ ಲೆವೆಲಿಂಗ್ ಥಿನ್ನರಿನ್ಯಾಗ ಇದು ಬೆರೆಸೇ ಬಂದಿರತೈತಿ. ಏರ್‌ಬ್ರಶ್ (ಗಾಳೀಲೆ ಬಣ್ಣ ಹಾರಿಸೋ ಪೆನ್ನಿನಂಥ ಗನ್) ಇತ್ತಂದ್ರ ಆ ಥಿನ್ನರ್ ಒಂದನ್ನ ಮಂಜಿನಂಗ ಬಿಳಿ ಆದಲ್ಲಿ ಹಾರಿಸಿದ್ರ ಭಾಳ ಸರ್ತಿ ಹೋಗತೈತಿ. ನಿಮ್ಮ ಹತ್ರ ಏರ್‌ಬ್ರಶ್ ಐತೇನ್ರಿ?

ಸಪ್ತಾಪುರ_ಹೊಸಬ:
ಇಲ್ಲ ಅಕ್ಕಾರ. ಏರ್‌ಬ್ರಶ್ ಅಂದ್ರ ಮನ್ಯಾಗ ನನ್ನ ಹೊರಗ ಹಾಕ್ತಾರ.

ಹಾವೇರಿ_ಅಕ್ಕ:
ಹಂಗಾದ್ರ ಅದ ಡಬ್ಬೀಲೇನ ಮಾಡ್ರಿ. ಹೊಸಾ ಕೋಟಿನ ಥಿನ್ನರ್ ಕೆಳಗಿನ ಲ್ಯಾಕರನ್ನ ಮತ್ತ ಕರಗಸತೈತಿ, ಒಳಗಿನ ತೂತು ಮುಚ್ಚಿಕೊಳ್ತಾವು. ಆದರ ಒಣ ಹೊತ್ತು ನೋಡಿ ಮಾಡಬೇಕು. ಗಡಿಯಾರ 65ರ ಕೆಳಗ ತೋರಸೂ ತನಕಾ ಡಬ್ಬಿ ಮುಟ್ಟಬ್ಯಾಡ್ರಿ. ಮಳಿ ನಿಂತ ಮಧ್ಯಾನ್ಹ ಒಂದು ಎರಡರ ಸುಮಾರ ಸಿಗಬಹುದು.

ಡಬ್ಬೀನ ಹತ್ತ ನಿಮಿಷ ಉಗುರುಬೆಚ್ಚನ ನೀರಾಗ ಇಡ್ರಿ, ಕೈ ಇಟ್ಟರ ಹಿತ ಅನಸಬೇಕು. ಒಲಿ ಮ್ಯಾಲ ಇಡೂದು, ಕುದಿಯೋ ನೀರಾಗ ಹಾಕೂದು ಮಾಡಿದ್ರ ಡಬ್ಬಿ ಸಿಡೀತೈತಿ, ಒಳಗಿರೋದು ಉರಿಯೋ ಗ್ಯಾಸ್. ಬಾಡೀನೂ ಬೆಚ್ಚಗಿರಲಿ. ನಾನು ದೊಡ್ಡ ಸ್ಟೀಲ್ ಡಬ್ಬ್ಯಾಗ 40 ವ್ಯಾಟಿನ ಹಳೇ ಬಲ್ಬ್ ಹಾಕಿ ಬಾಡಿ ಇಡ್ತೀನಿ, ಒಳಗ 40 ಡಿಗ್ರಿ ದಾಟಗೊಡೂದಿಲ್ಲ. ಬಲ್ಬಿನ ಹತ್ರ ಸ್ಪ್ರೇ ಮಾತ್ರ ಎಂದೂ ಹೊಡೀಬ್ಯಾಡ್ರಿ. ಹಸೀ ಬಾಡೀನೂ ಅರ್ಧ ತಾಸು ಹೊರಗ ಹಾರಿಸಿದ ಮ್ಯಾಲೇ ಒಳಗ ಇಡೂದು.

ಒಂದು ಮಾತು ಜಾಸ್ತಿ ಆತೇನೋ, ಆದ್ರೂ ಹೇಳ್ತೀನಿ. ಬೂದು ಪ್ರೈಮರ್ ಮ್ಯಾಲಿನ ಕೆಂಪು ಮಬ್ಬಾಗತೈತಿ. ಮುಂದಿನ ಸಲ ಗುಲಾಬಿ ಪ್ರೈಮರ್ ಹೊಡದು ನೋಡ್ರಿ, ಬ್ಯಾಡಗಿ ಮೆಣಸಿನಕಾಯಿ ಕೆಂಪು ಬರತೈತಿ. ನಮ್ಮ ಜಿಲ್ಲಾದ್ದು ಅಂತ ಹೊಗಳಾಕತ್ತಿಲ್ಲ!

ಹುಬ್ಬಳ್ಳಿ_ಟಚಿಂಗ್:
ಅಕ್ಕಾರು ಹೇಳಿದ್ದಕ್ಕ ಒಂದ ಸೇರಸ್ತೀನಿ. ಮೊದಲ ಪ್ಲಾಸ್ಟಿಕ್ ಚಮಚಾ ಒಂದಕ್ಕ ಅದ ಪ್ರೈಮರ್, ಅದ ಕೆಂಪು ಹೊಡದು ಹತ್ತ ನಿಮಿಷ ಕಾಯಿ. ಚಮಚಾ ಬೆಳ್ಳಗಾದ್ರ ಕಾರು ಡಬ್ಬ್ಯಾಗ ಇಟ್ಟು ಚಾ ಕುಡಿ. ಆಗಲಿಲ್ಲಂದ್ರ 15–20 ಸೆಂಟಿಮೀಟರ್ ದೂರದಿಂದ ತೆಳ್ಳಗ ಒಂದ ಹಸೀ ಕೋಟ್. ಮನಸ್ಸು ತುಂಬೋ ತನಕಾ ಅಲ್ಲ! ಮತ್ತ, ಬೀಟಲ್‌ಗೆ ಮುಂದಿರೋದು ಬಾನೆಟ್ ಅಲ್ಲೋ ಮಾರಾಯಾ, ಡಿಕ್ಕಿ. ಎಂಜಿನ್ ಹಿಂದೈತಿ.

ಸಪ್ತಾಪುರ_ಹೊಸಬ:
ಆರು ದಿನ ಆದಮ್ಯಾಲ ಬರೀಲಿಕ್ಕತ್ತೀನಿ. ನಿನ್ನೆ ಮಧ್ಯಾನ್ಹ ಬಿಸಲು ಬಿತ್ತು, ಗಡಿಯಾರ 62ಕ್ಕ ಇಳೀತು. ಎರಡು ಚಮಚಾ ಹೊಡದೆ, ಎರಡೂ ಕೆಂಪಗೇ ಉಳದ್ವು. ಆಮ್ಯಾಲ ಕಾರು. ಟಾಪಿನ ಬಿಳೇದು ಕಣ್ಣೆದುರಿಗೇ ಕರಗಿ ಹೋತು, ನಾ ಹೆಂಡತೀನ ಕರದು ತೋರಿಸಿದೆ, ಆಕಿ "ಮೊದಲಿನಂಗ ಆತು, ಇದ್ರಾಗೇನದ?" ಅಂದ್ಲು. ಡಿಕ್ಕಿ ಮ್ಯಾಲ ರೂಪಾಯಿ ನಾಣ್ಯದಷ್ಟು ಮಬ್ಬು ಇನ್ನೂ ಉಳದದ.

ಮತ್ತೊಂದು ತಪ್ಪೊಪ್ಪಿಗಿ. ಗದಗ ಅಣ್ಣಾರು ಬರದಿದ್ದು ಓದಿದ ಕೂಡಲೆ ಮುಂದಿನ ಮಡ್‌ಗಾರ್ಡಿನ ತುದಿಗೆ ಥಿನ್ನರ್ ಹತ್ತಿ ಒಂದ ಸಲ ಸವರಿದ್ದೆ. ನೀವು ಬ್ಯಾಡ ಅಂದಿದ್ದು ಆಮ್ಯಾಲ ನೋಡಿದೆ. ಅಲ್ಲಿ ಜೇಡರ ಬಲಿ ಹಂಗ ಗೆರಿ ಎದ್ದಾವ.

ಗದಗ_ಗಾಳಿ:
ಅಯ್ಯೋ. ತಪ್ಪಾತ್ರಿ. ನಾ ಕಟಗಿ ಮಾಡೆಲ್ ಮಾಡಾಂವ, ಪ್ಲಾಸ್ಟಿಕ್ಕಿಂದು ಗೊತ್ತಿರಲಿಲ್ಲ.

ಹುಬ್ಬಳ್ಳಿ_ಟಚಿಂಗ್:
ಆಗಲಿ ಬಿಡ್ರಿ. ತಮ್ಮಾ, ಆ ಗೆರಿ ಪ್ಲಾಸ್ಟಿಕ್ಕಿನಾಗ ಇಳದಾವು, ಬಣ್ಣ ಎಷ್ಟ ಹೊಡದ್ರೂ ಮತ್ತ ಎದ್ದು ಕಾಣತಾವು. ಮಡ್‌ಗಾರ್ಡಿನ ಅಷ್ಟ ಜಾಗಾ 800 ನಂಬರ್ ವಾಟರ್ ಪೇಪರಿಲೆ ಗೆರಿ ಹೋಗೂ ತನಕಾ ಉಜ್ಜು. ಮಿಸ್ಟರ್ ಸರ್ಫೇಸರ್ 1000 (ಸಣ್ಣ ಗೆರಿ ತುಂಬೋ ಪ್ರೈಮರ್) ತೆಳ್ಳಗ ಎರಡ ಸಲ, ಒಂದ ದಿನ ಒಣಗಿಸಿ ಮತ್ತ ಉಜ್ಜಿ, ಆಮ್ಯಾಲ ಕೆಂಪು. ಡಿಕ್ಕಿ ಮ್ಯಾಲಿನ ಮಬ್ಬಿಗೆ ಬಾಡಿ ವಾರ ಬಿಟ್ಟು 2000 ಪೇಪರ್ ನೀರಾಗ ಎದ್ದಿ ಹಗೂರಕ ತಿಕ್ಕಿ ಒಂದ ಕೋಟ್ ಹೊಡಿ. ಅಷ್ಟಕ್ಕ ಬಣ್ಣಾ ಪೂರ್ತಿ ತಗ್ಯಾಕ ಹೋಗಬ್ಯಾಡ. ತಗೀಬೇಕಾ ಅಂತ ಬಂದ್ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಾಗ ನೆನಸೋದು ಐತಿ, ಮೊದಲ ಕಿಟ್ಟಿನ ಚೌಕಟ್ಟಿನ ತುಂಡಿನ ಮ್ಯಾಲ ನೋಡ್ಕೊಂಡು.

ಸಪ್ತಾಪುರ_ಹೊಸಬ:
ಮಡ್‌ಗಾರ್ಡ್ ಉಜ್ಜೂದು ಸುರು ಮಾಡೀನಿ. ಅಷ್ಟರಾಗ ಗಾಜು ಕೂಡಿಸಿಬಿಡ್ಲೇನು? ಫೆವಿಕ್ವಿಕ್ ಕೈಯಾಗ ಹಿಡಕೊಂಡೇ ಕೂತೀನಿ.

ಹಾವೇರಿ_ಅಕ್ಕ:
ಕೆಳಗಿಡ್ರಿ ಅದನ್ನ! ಅದರ ಆವಿ ಗಾಜಿನ ಮ್ಯಾಲ ಕೂತು ಮತ್ತ ಬೆಳ್ಳಗಾಗತೈತಿ, ಅದಕ್ಕ ಥಿನ್ನರೂ ಇಲ್ಲ, ಬಿಸಲೂ ಇಲ್ಲ. ಗಾಜಿಗೆ ಬಿಳೇ ಫೆವಿಕಾಲ್ ಸಾಕು, ಒಣಗಿದ ಮ್ಯಾಲ ಕಾಣೂದಿಲ್ಲ, ಹೆಚ್ಚಾಗಿದ್ದು ಒದ್ದಿ ಬಟ್ಟೀಲೆ ಹೋಗತೈತಿ. ಅದೂ ಬಣ್ಣದ ಕೆಲಸ ಎಲ್ಲಾ ಮುಗದ ಮ್ಯಾಲ.

ಸಪ್ತಾಪುರ_ಹೊಸಬ:
ಇಟ್ಟೆ ಅಕ್ಕಾರ. ಫೆವಿಕಾಲ್ ಮಗನ ಸಾಲಿ ಚೀಲದಾಗ ಅದ, ಅಂವ ಮಲಗಿದ ಮ್ಯಾಲ ತಗೋತೀನಿ. ಹೊರಗ ಮತ್ತ ಜಿಟಿಜಿಟಿ ಹತ್ತೇದ, ಗಡಿಯಾರ 88.