ದರೋಜಿಯಲ್ಲಿ ತೆಗೆದ ಕರಡಿ ಫೋಟೊ ಯಾಕೆ ಮಸುಕಾಯಿತು?

ತುಂಗಭದ್ರೆ_ತೀರ:
ಹೋದ ಭಾನುವಾರ ದರೋಜಿ ಕರಡಿಧಾಮಕ್ಕೆ ಹೋಗಿದ್ದೆ. ವೀಕ್ಷಣಾ ಗೋಪುರದಿಂದ 300 ಎಂಎಂ ಲೆನ್ಸ್‌ನಲ್ಲಿ ಎಂಬತ್ತು ಫೋಟೊ ತೆಗೆದೆ. ಮೂರೂವರೆಗೆ ತಾಯಿ ಕರಡಿ ಬಂತು, ಬೆನ್ನ ಮೇಲೆ ಎರಡು ಮರಿ! ಕೈ ನಡುಗಿದ್ದು ನಿಜ, ಆದರೆ ಕ್ಯಾಮೆರಾ ಟ್ರೈಪಾಡ್ ಮೇಲಿತ್ತು, ಶಟರ್ 1/800 ಸೆಕೆಂಡ್. ಆದರೂ ಆ ಹೊತ್ತಿನ ಒಂದೂ ಸ್ಪಷ್ಟವಾಗಿಲ್ಲ. ಕರಡಿ ಬರೀ ಕಪ್ಪು ಮುದ್ದೆ. ಲೆನ್ಸ್ ಕೆಟ್ಟಿದೆಯಾ?

ಹಳೇ_ಕ್ಯಾಮೆರಾ:
ಲೆನ್ಸ್ ಮಾರಬೇಡಿ ಮಾರಾಯ್ರೇ. ಕಾದ ಬಂಡೆಯಿಂದ ಬಿಸಿಗಾಳಿ ಏಳುತ್ತದೆ, ದೂರದ್ದೆಲ್ಲ ನೀರೊಳಗಿನ ಹಾಗೆ ಅಲುಗುತ್ತದೆ. ಎಷ್ಟು ದುಬಾರಿ ಲೆನ್ಸ್ ಆದರೂ ಅಷ್ಟೇ. ಸಂಜೆ ತೆಗೆದದ್ದನ್ನು ನೋಡಿ. ಕಪ್ಪು ಮುದ್ದೆ ಬೇರೆ ಕಥೆ: ಬಂಡೆಯ ಬೆಳಕಿಗೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಫೋಟೊ ಕಪ್ಪಾಗಿಸಿದೆ. ಸ್ಪಾಟ್ ಮೀಟರಿಂಗ್ (ಒಂದೇ ಜಾಗದ ಬೆಳಕು ಅಳೆಯುವುದು) ಕರಡಿ ಮೇಲಿಡಿ; ಆಗ ಕಪ್ಪು ಕರಡಿ ಬೂದಿಯಾಗಿ ಕಾಣದಂತೆ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿ.

ಪಿಕಳಾರ_ಪ್ರೇಮಿ:
ಸೆಂಟ್ ಹಾಕಿಕೊಂಡು ಹೋಗಬೇಡಿ. ಕರಡಿಗೆ ಕಣ್ಣು ಮಂದ, ಮೂಗು ಭಾರಿ ಚುರುಕು. ಕಾಯುವಾಗ ಸುಮ್ನೆ ಕೂರುವ ಬದಲು ಬಂಡೆ ಸಂದಿಯ ಪೊದೆ ನೋಡಿ. ಹಳದಿ ಕೊರಳಿನ ಪಿಕಳಾರ ಹಕ್ಕಿ ಸಿಕ್ಕರೆ ಅದೃಷ್ಟ. ದಕ್ಷಿಣ ಭಾರತ ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ತುಂಗಭದ್ರೆ_ತೀರ:
ಈಗ ನೋಡಿದೆ. ಐದೂವರೆಯದರಲ್ಲಿ ಮೂತಿಯ ಕೂದಲೂ ಕಾಣುತ್ತಿದೆ! ಮರಿ ಮಾತ್ರ ಇಲ್ಲ. ಸೆಂಟ್ ಹಾಕಿದ್ದೆ, ಹ್ಞೂಂ.