ಅಪ್‌ಡೇಟ್: ಹಸಿರು ರುಮಾಲಿನ ಆ ಮನುಷ್ಯ ಯಾರು?

ಫ್ಲೆಮಿಶ್ ಚಿತ್ರಕಾರ ಯಾನ್ ವಾನ್ ಐಕ್ 1432ರಲ್ಲಿ ಬರೆದ, ಹಸಿರು ರುಮಾಲು ಸುತ್ತಿದ ಒಬ್ಬ ಮನುಷ್ಯನ ಪುಟ್ಟ ಚಿತ್ರದ ಬಗ್ಗೆ ಕೇಳಿದ್ದೆನಲ್ಲ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರೋದು? ಇವನ್ಯಾರು, ಕೈಯಲ್ಲಿರೋ ಸುರುಳಿ ಏನು ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಮುಖ ಬಿಟ್ಟು ಕೆಳಗಿನ ಕಲ್ಲಿನ ಕಟ್ಟೆಯನ್ನು ಝೂಮ್ ಮಾಡಿ ನೋಡಿದೆ. ಚಿತ್ರದ ಎತ್ತರವೇ ಸುಮಾರು 33 ಸೆಂ.ಮೀ., ಅಷ್ಟರಲ್ಲೇ ಕಲ್ಲಿನ ಬಿರುಕು, ಒಡೆದ ಅಂಚು, ಉಳಿಯಿಂದ ಕೊರೆದ ಹಾಗೆ ಕಾಣುವ ಫ್ರೆಂಚ್ ಅಕ್ಷರ, ಮೇಲೆ ಗ್ರೀಕ್ ಲಿಪಿಯಲ್ಲಿ 'ತಿಮೋಥಿಯೋಸ್' ಅನ್ನೋ ಹೆಸರು, ಎಲ್ಲಾ ಇದೆ. ಪುರಾತನ ಗ್ರೀಸಿನಲ್ಲಿ ಆ ಹೆಸರಿನ ಸಂಗೀತಗಾರನಿದ್ದ, ಆದ್ದರಿಂದ ಇವನು ವಾನ್ ಐಕ್ ಕಾಲದ ಸಂಗೀತಗಾರ ಬಾಂಶ್ವಾ ಇರಬಹುದು ಅಂತ ಕಲಾ ಇತಿಹಾಸಕಾರ ಪನೋಫ್‌ಸ್ಕಿ ವಾದಿಸಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ಸುರುಳಿಯಲ್ಲಿರೋದು ಸ್ವರಲಿಪಿ ಥರ ಕಾಣಲ್ಲ, ಸುಮ್ನೆ ಗೀಚಿದ ಬರಹದ ಸಾಲುಗಳು, ಒಂದಕ್ಷರವೂ ಓದೋಕಾಗಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕೊನೆಯ ಸಾಲು. ಅಕ್ಟೋಬರ್ 10ರಂದು ವಾನ್ ಐಕ್‌ನಿಂದ ಆದದ್ದು ಅಂತ ಲ್ಯಾಟಿನ್‌ನಲ್ಲಿದೆ, ಥೇಟ್ ನಮ್ಮ ಕ್ರಯಪತ್ರದ ಧಾಟಿ! ಹಾಗಾಗಿ ಇವನು ಕಾನೂನು ಬಲ್ಲವನು ಅನ್ನೋ ವಾದದ ಕಡೆಗೇ ನನ್ನ ಓಟು. ಫ್ರೆಂಚ್ ಸಾಲಿನ ಅರ್ಥ 'ನಿಷ್ಠೆಯ ನೆನಪು' ಅಂತೆ. ಅದನ್ನು ನೋಡಿ ಸತ್ತ ಮೇಲೆ ಬರೆಸಿದ ಚಿತ್ರ ಅಂತ ಕೆಲವರು ಹೇಳ್ತಾರೆ, ನನಗೆ ಅಷ್ಟು ಒಪ್ಪಿಗೆಯಿಲ್ಲ. ಬದುಕಿರುವವರೂ ನೆನಪಿಗೆ ಅಂತ ಫೋಟೋ ತೆಗೆಸ್ಕೊಳ್ತಾರೆ, ಅಲ್ವಾ?

ಅಂದ ಹಾಗೆ, ತಲೆಗೆ ಹೋಲಿಸಿದ್ರೆ ಕೈ ತುಂಬಾ ಚಿಕ್ಕದಾಯ್ತು ಅಂದವರಿಗೆ: ಹೌದು, ನನಗೂ ಹಾಗೇ ಕಾಣ್ತು.