ಸಭೆಯ ಜೀವನದಿಂದ ಗಂಡಸರು ದೂರವಾಗುತ್ತಿರುವುದೇಕೆ?

ಪ್ರಶ್ನೆ: ಸಭಾಸದಸ್ಯ

ಗಂಡಸರ ಹಾಜರಾತಿ ಕುಗ್ಗುತ್ತಿರುವ ಕುರಿತು ಒಂದು ಟಿಪ್ಪಣಿ ಸಿದ್ಧಪಡಿಸುವಂತೆ ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರ ಮಂಡಳಿಯು ನನಗೆ ಹೇಳಿದೆ. ಭಾನುವಾರದ ಆರಾಧನೆ, ಸತ್ಯವೇದದ (ಬೈಬಲಿನ) ಅಧ್ಯಯನ, ಗಾಯನ ಮಂಡಳಿ, ಎಲ್ಲೆಡೆಯೂ ಹೆಂಗಸರೇ ಹೆಚ್ಚು. ಹೆಂಡತಿ ಮಕ್ಕಳನ್ನು ಬಾಗಿಲವರೆಗೆ ಬಿಟ್ಟು ಹಿಂದಿರುಗುವ ಗಂಡಸರಂತೂ ಯಾರಿಗೂ ಹೊಸಬರಲ್ಲ. ಆರಾಧನೆಯು ತೀರ ಭಾವುಕವಾಗಿದೆ, ಆದ್ದರಿಂದ ಗಂಡಸರಿಗೆಂದೇ ಕ್ರೀಡೆ, ಶಿಬಿರ ಮೊದಲಾದವನ್ನು ಏರ್ಪಡಿಸಬೇಕು ಎಂಬುದು ಮಂಡಳಿಯ ಕೆಲವರ ವಾದ. ನನಗೆ ಈ ವಿವರಣೆ ಸಮರ್ಪಕವೆನಿಸುವುದಿಲ್ಲ. ಇದು ನಿಜಕ್ಕೂ ಹೊಸ ಸಮಸ್ಯೆಯೇ? ಹಿಂದಿನವರು ಇದಕ್ಕೆ ಏನು ಮಾಡಿದ್ದರು?

ಉತ್ತರ: ಚರಿತ್ರೆಯ ಓದುಗ

ಹೊಸದಲ್ಲ. ಕ್ರೈಸ್ತ ಧರ್ಮವು ಹೆಂಗಸರು, ಗುಲಾಮರು ಮತ್ತು ಮಕ್ಕಳನ್ನಷ್ಟೇ ಸೆಳೆಯಬಲ್ಲದು ಎಂದು ಎರಡನೆಯ ಶತಮಾನದಲ್ಲಿಯೇ ಕೆಲ್ಸಸ್ ಎಂಬ ವಿಮರ್ಶಕ ಗೇಲಿ ಮಾಡಿದ್ದ. ದೈವಭಕ್ತರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು ಎಂದು ಬಾಸ್ಟನ್ನಿನ ಸಭಾಪಾಲಕ ಕಾಟನ್ ಮ್ಯಾಥರ್ 1692ರಲ್ಲಿ ಬರೆದಿದ್ದಾನೆ.

ಕ್ರೀಡೆಯ ಉಪಾಯವೂ ಹಳೆಯದೇ. ಬಟ್ಟೆ ಅಂಗಡಿಯ ನೌಕರನಾಗಿದ್ದ ಜಾರ್ಜ್ ವಿಲಿಯಮ್ಸ್ ತನ್ನ ಗೆಳೆಯರೊಂದಿಗೆ 1844ರಲ್ಲಿ ಲಂಡನ್ನಿನಲ್ಲಿ ವೈ.ಎಂ.ಸಿ.ಎ.ಯನ್ನು (ಯುವಕರ ಕ್ರೈಸ್ತ ಸಂಘವನ್ನು) ಆರಂಭಿಸಿದ್ದು ಯುವಕರ ಪ್ರಾರ್ಥನೆ ಮತ್ತು ಸತ್ಯವೇದದ ಅಧ್ಯಯನಕ್ಕಾಗಿ. ಅದೇ ಸಂಸ್ಥೆಯ ತರಬೇತಿ ಶಾಲೆಯಲ್ಲಿ 1891ರಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ. ಆ ಆಟ ಜಗತ್ತನ್ನೇ ಸುತ್ತಿತು. ಆಡಿದವರೆಲ್ಲ ಆರಾಧನೆಗೆ ಬಂದರೆಂದು ಮಾತ್ರ ಯಾರೂ ಹೇಳಲಾರರು. ಅಮೆರಿಕದಲ್ಲಿ 1911-12ರಲ್ಲಿ ಗಂಡಸರನ್ನು ಮರಳಿ ತರಲೆಂದೇ 'ಮೆನ್ ಆಂಡ್ ರಿಲಿಜನ್ ಫಾರ್ವರ್ಡ್' ಎಂಬ ದೊಡ್ಡ ಚಳವಳಿ ನಡೆಯಿತು. 1990ರಲ್ಲಿ ಅಲ್ಲಿಯೇ ಹುಟ್ಟಿದ 'ಪ್ರಾಮಿಸ್ ಕೀಪರ್ಸ್' ಎಂಬ ಕ್ರೈಸ್ತ ಗಂಡಸರ ಸಂಘಟನೆಯು 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಗಂಡಸರನ್ನು ಒಂದೆಡೆ ಸೇರಿಸಿ, ಕೆಲವೇ ವರ್ಷಗಳಲ್ಲಿ ಸೊರಗಿತು. ಮೈದಾನವನ್ನು ತುಂಬಿಸುವುದು ಒಂದು ಕೆಲಸ, ವಾರವಾರವೂ ಆಸನವನ್ನು ತುಂಬಿಸುವುದು ಇನ್ನೊಂದು.

ಉತ್ತರ: ತೌಲನಿಕ

ಗಂಡಸರ ಸ್ವಭಾವಕ್ಕೇ ಭಕ್ತಿ ಒಗ್ಗದು ಎನ್ನುವವರು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2016ರ ವರದಿಯನ್ನು ನೋಡಬೇಕು. ಅದರ ಪ್ರಕಾರ, ಕ್ರೈಸ್ತ ಹೆಂಗಸರಲ್ಲಿ ಶೇ. 53 ಮಂದಿ, ಕ್ರೈಸ್ತ ಗಂಡಸರಲ್ಲಿ ಶೇ. 46 ಮಂದಿ ವಾರಕ್ಕೊಮ್ಮೆಯಾದರೂ ಆರಾಧನೆಗೆ ಹೋಗುತ್ತಾರೆ; ಮುಸ್ಲಿಮರಲ್ಲಿಯಾದರೋ ಗಂಡಸರಲ್ಲಿ ಶೇ. 70 ಮಂದಿ, ಹೆಂಗಸರಲ್ಲಿ ಶೇ. 42 ಮಂದಿ. ಶುಕ್ರವಾರದ ಸಾಮೂಹಿಕ ನಮಾಜು ಗಂಡಸರಿಗೆ ಕಡ್ಡಾಯವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಸಂಪ್ರದಾಯಸ್ಥ ಯಹೂದಿಗಳಲ್ಲಿ ಹತ್ತು ಮಂದಿ ವಯಸ್ಕ ಗಂಡಸರು ಕೂಡದೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲವಾದ್ದರಿಂದ, ಹತ್ತನೆಯವನು ಬಾರದಿದ್ದರೆ ಉಳಿದ ಒಂಬತ್ತು ಮಂದಿ ಕಾಯುತ್ತಾರೆ, ಮತ್ತು ಅದು ಅವನಿಗೂ ಗೊತ್ತಿರುತ್ತದೆ.

ಕ್ರೈಸ್ತ ಸಭೆಯು ಇಂಥ ನಿಯಮವನ್ನು ತರಲಾರದು, ತರಲೂಬಾರದು. ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸತ್ಯವೇದದ ಗಲಾತ್ಯ 3:28 ಹೇಳುತ್ತದೆ. ಆದರೆ ಹಿಂದೆ ಗಂಡಸರ ಹಾಜರಾತಿಗೆ ಭಕ್ತಿಯಲ್ಲದ ಊರುಗೋಲುಗಳೂ ಇದ್ದವು ಎಂಬುದನ್ನು ಮರೆಯಬಾರದು. ಇಂಗ್ಲೆಂಡಿನಲ್ಲಿ 1828ರವರೆಗೂ ಸರ್ಕಾರಿ ಹುದ್ದೆ ಹಿಡಿಯುವವನು ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಇಂಗ್ಲೆಂಡಿನ ಅಧಿಕೃತ ಸಭೆಯಲ್ಲಿ, ಪ್ರಭುಭೋಜನ (ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ) ಪಡೆದಿರಬೇಕೆಂಬ ಕಾನೂನಿತ್ತು. ಊರಿನಲ್ಲಿ ಮಾನ್ಯತೆ, ವ್ಯಾಪಾರದಲ್ಲಿ ನಂಬಿಕೆ, ಇವೂ ಆಸನದ ಸಾಲಿನಲ್ಲಿಯೇ ದೊರೆಯುತ್ತಿದ್ದವು. ಹುದ್ದೆಗೂ ವ್ಯಾಪಾರಕ್ಕೂ ಸಭೆಯ ಹಂಗಿಲ್ಲವಾದ ಮೇಲೆ, ಅವುಗಳಿಗಾಗಿಯೇ ಬರುತ್ತಿದ್ದವರು ಉಳಿಯಲಿಲ್ಲ. ಕುಸಿತವೆಂದು ನಾವು ಕರೆಯುವುದರಲ್ಲಿ ಇವರ ಪಾಲೆಷ್ಟು ಎಂಬುದನ್ನು ನಿಮ್ಮ ಟಿಪ್ಪಣಿ ಕೇಳಬೇಕು.

ಉತ್ತರ: ಗಾಯನ ಮಂಡಳಿಯ ಸದಸ್ಯೆ

ಮೇಲಿನವರು ಹೇಳದ ಒಂದು ಸಂಗತಿಯಿದೆ. ಗಂಡಸರು ಕಡಿಮೆಯಿರುವುದು ಆಸನಗಳಲ್ಲಿ; ವೇದಿಕೆಯ ಮೇಲೆ ಅಲ್ಲ, ಹಣಕಾಸಿನ ಸಮಿತಿಯಲ್ಲಿಯೂ ಅಲ್ಲ. ಹೆಂಗಸರು ಬೋಧಿಸತೊಡಗಿದ್ದರಿಂದ ಗಂಡಸರು ಹೋದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಂಗ್ಲೆಂಡಿನ ಸಭೆಯು ಮಹಿಳೆಯರಿಗೆ ಗುರುದೀಕ್ಷೆ ನೀಡಿದ್ದು 1994ರಲ್ಲಿ. ಗಂಡು ಹೆಣ್ಣಿನ ಹಾಜರಾತಿಯ ಈ ಅಂತರವು ಅದಕ್ಕಿಂತ ಎಷ್ಟೋ ಹಳೆಯದು. ಗಂಡಸರೇ ಗುರುಗಳಾಗಿರುವ ಕಥೋಲಿಕ ಸಭೆಯಲ್ಲಿಯೂ ಪೂಜೆಗೆ ಹೆಚ್ಚಾಗಿ ಬರುವವರು ಹೆಂಗಸರೇ ಅಲ್ಲವೇ?

ಹಿರಿಯರಾಗಿ ಆಯ್ಕೆಯಾಗದ ಸಾಮಾನ್ಯ ಗಂಡಸಿಗೆ ಸಭೆಯಲ್ಲಿ ಕುಳಿತು ಕೇಳುವುದನ್ನು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಸಂಡೇ ಸ್ಕೂಲ್, ರೋಗಿಗಳ ಭೇಟಿ, ಸ್ವಚ್ಛತೆ, ಇವೆಲ್ಲ ಹೆಂಗಸರ ಕೆಲಸವೆಂದು ಅವನೂ ಭಾವಿಸಿದ್ದಾನೆ, ಮಂಡಳಿಯೂ ಭಾವಿಸಿದೆ. ಈ ಕೆಲಸಗಳಿಗೆ ಗಂಡಸರನ್ನು ಹೆಸರು ಹಿಡಿದು ಕರೆಯಿರಿ. ಪ್ರಸಂಗದ ನಂತರ ಮಾಡುವ ಸಾರ್ವತ್ರಿಕ ಪ್ರಕಟಣೆಗೆ ಯಾರೂ ಮುಂದೆ ಬರುವುದಿಲ್ಲ. ಜೊತೆಗೆ, ಹೆಂಗಸರು ಹೆಚ್ಚು ಕಾಲ ಬದುಕುವುದರಿಂದ ವಿಧವೆಯರ ಸಂಖ್ಯೆಯೇ ಹಾಜರಾತಿಯಲ್ಲಿ ಗಣನೀಯವಾಗಿರುತ್ತದೆ. ವಯಸ್ಸಿನ ಪ್ರಕಾರ ಎಣಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಉತ್ತರ: ತೌಲನಿಕ

ವಯಸ್ಸಿನ ಮಾತು ಬಂದದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಹುಟ್ಟಿನಿಂದ ಬಂದ ಧರ್ಮವನ್ನು ತೊರೆದ ಹಳೆಯ ತಲೆಮಾರಿನವರಲ್ಲಿ ಶೇ. 57 ಗಂಡಸರಿದ್ದರೆ, ಹೊಸ ತಲೆಮಾರಿನವರಲ್ಲಿ ಶೇ. 54 ಹೆಂಗಸರಿದ್ದಾರೆ. ಗಂಡಸರಿಗಾಗಿ ಶಿಬಿರ ನಡೆಸುವ ಗಡಿಬಿಡಿಯಲ್ಲಿ, ಹೊರಗೆ ಹೋಗುತ್ತಿರುವ ಹೆಣ್ಣುಮಕ್ಕಳನ್ನು ಮಂಡಳಿಯು ಗಮನಿಸದೆ ಹೋದೀತು.

ಪ್ರಶ್ನೆ ಕೇಳಿದವರಿಂದ: ಸಭಾಸದಸ್ಯ

ಎಲ್ಲರಿಗೂ ವಂದನೆಗಳು. ವಯಸ್ಸಿನ ಲೆಕ್ಕಕ್ಕೆಂದು ಸಭೆಯ ಪಟ್ಟಿಯನ್ನು ತೆಗೆದು ನೋಡಿದೆ. ಅದರಲ್ಲಿ ಕುಟುಂಬಗಳನ್ನು ಯಜಮಾನರ ಹೆಸರಿನಲ್ಲಿ ಮಾತ್ರ ಬರೆದಿರುವುದರಿಂದ, ವರ್ಷಗಟ್ಟಲೆ ಬಾರದ ಗಂಡಸರೂ ಅಲ್ಲಿ ಸದಸ್ಯರಾಗಿ ಇದ್ದಾರೆ, ಪ್ರತಿವಾರ ಬರುವ ಅವರ ಹೆಂಡತಿಯರ ಹೆಸರೇ ಇಲ್ಲ. ಆದ್ದರಿಂದ ಮೊದಲು ಬಾಗಿಲಲ್ಲಿ ನಿಂತು ಎಣಿಸಲು ಮಂಡಳಿಯ ಒಪ್ಪಿಗೆ ಕೇಳಲಿದ್ದೇನೆ. ಕ್ರೀಡೆಯ ಪ್ರಸ್ತಾಪವನ್ನು ಅಲ್ಲಿಯವರೆಗೆ ತಡೆಹಿಡಿಯುವಂತೆ ಕೋರುತ್ತೇನೆ.